ಅಪ್ಪನ ಸೊಸೈಟಿ, ಅವ್ವನ ಸಂಘ

ಹೋದ ಸಲ ನಮ್ಮೂರ ಸೊಸೈಟಿಗೆ ಚುನಾವಣೆ ಬಂದಾಗ ಅಪ್ಪ ಬೆಳಿಗ್ಗೆ ಎಂಟಕ್ಕೇ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಹೊರಟ. ಒಂಬತ್ತೂವರೆಗೆ ವಾಪಸ್ ಬಂದು ಕಟ್ಟೆಯ ಮೇಲೆ ಕುಂತ. ಮುಖ ಸಣ್ಣದಾಗಿತ್ತು.

"ಓಟ ಹಾಕಿದ್ಯಾ?" ಅಂತ ಕೇಳಿದೆ.

"ಎಲ್ಲೀದು! ನನ್ನ ಹೆಸರು ಅನರ್ಹರ ಪಟ್ಟಿಯೊಳಗೈತಂತ. ಸಭಾಕ್ಕ ಬಂದಿಲ್ಲ, ಓಟ ಇಲ್ಲ ಅಂದ್ರು. ಸಭಾ ಯಾವಾಗ ಕರದ್ರು, ಯಾರಿಗೆ ನೋಟಿಸ್ ಕೊಟ್ರು, ದೇವರಿಗೇ ಗೊತ್ತು."

ಅಪ್ಪ ಮೂವತ್ತು ವರ್ಷದಿಂದ ಆ ಸೊಸೈಟಿಯ ಸದಸ್ಯ. ಷೇರು ಪತ್ರ ಇನ್ನೂ ಟ್ರಂಕಿನಲ್ಲಿದೆ. ನಾನು ಸಿಟ್ಟಿಗೆದ್ದು ಏನೋ ಹೇಳಲು ಹೋದೆ. ಅಪ್ಪನೇ ತಡೆದ: "ಬಿಡು, ಅದು ಸರಕಾರದ ಸೊಸೈಟಿ. ನಮ್ದೇನೈತಿ ಅದರಾಗ."

ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವ ಅಲ್ಲಿಂದಲೇ ಅಂದಳು: "ನಮ್ಮ ಸಂಘದಾಗ ಒಂದು ವಾರ ಹೋಗದಿದ್ರ ನಾಕು ಮಂದಿ ಮನೀಗೆ ಬಂದು, ಯಾಕ ಬರಲಿಲ್ಲ ಅಂತ ಕೇಳ್ತಾರ."

ಅಪ್ಪನದು 'ಸರಕಾರದ ಸೊಸೈಟಿ'. ಅವ್ವನದು 'ನಮ್ಮ ಸಂಘ'. ಎರಡೂ ಊರಿನ ಜನರ ದುಡ್ಡಿನಿಂದಲೇ ನಿಂತವು, ಎರಡರ ಕೆಲಸವೂ ಸಾಲ ಕೊಡುವುದೇ. ಹಾಗಿದ್ದೂ ಒಂದು ಸರಕಾರದ್ದು ಹೇಗಾಯಿತು, ಇನ್ನೊಂದು ನಮ್ಮದಾಗಿಯೇ ಹೇಗೆ ಉಳಿಯಿತು? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ನೂರೈವತ್ತು ವರ್ಷಗಳ ಕಥೆ ಬಿಚ್ಚಿಕೊಳ್ಳುತ್ತದೆ. ಅದರ ಮುಖ್ಯ ಅಧ್ಯಾಯವೊಂದು ನಮ್ಮ ಗದಗ ತಾಲ್ಲೂಕಿನಲ್ಲೇ ಇದೆ.

ಸಾಲಪತ್ರ ಸುಟ್ಟ ರೈತರು

1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹೋಗುತ್ತಿದ್ದ ಹತ್ತಿ ನಿಂತಿತು. ಮುಂಬೈ ಪ್ರಾಂತ್ಯದ ಹತ್ತಿಗೆ ಬಂಗಾರದ ಬೆಲೆ ಬಂತು. ಆಗ ನಮ್ಮ ಧಾರವಾಡ ಸೀಮೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಬೆಲೆ ನಂಬಿ ರೈತರು ಸಾಲ ಮಾಡಿದರು, ಸಾಹುಕಾರರು ಕೈಬಿಚ್ಚಿ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಬಿತ್ತು, ಸಾಲ ಉಳಿಯಿತು. ಮೇಲಿಂದ ಸರ್ಕಾರ ಭೂಕಂದಾಯ ಏರಿಸಿತು.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬ ಊರಲ್ಲಿ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು. ಸಿಕ್ಕಿದ್ದನ್ನು ರಾಶಿ ಹಾಕಿ ಸುಟ್ಟರು. ಗಲಭೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ 'ದಖ್ಖನ್ ದಂಗೆ' ಎಂದು ಹೆಸರು.

ಸರ್ಕಾರ ಬೆಚ್ಚಿತು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದು ಸಾಹುಕಾರರ ಕೈ ಕಟ್ಟಲು ನೋಡಿತು. ಆದರೆ ಕೈ ಕಟ್ಟಿದ ಮಾತ್ರಕ್ಕೆ ಬಿತ್ತನೆಗೆ ದುಡ್ಡು ಬರುವುದಿಲ್ಲವಲ್ಲ. ಸಾಹುಕಾರ ಬೇಡವೆಂದರೆ ಬೇರೆ ಯಾರು ಕೊಡಬೇಕು? ಪ್ರಶ್ನೆ ಹಾಗೇ ಉಳಿಯಿತು.

ಉತ್ತರ ಹುಡುಕಲು ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿನ ಪದ್ಧತಿಗಳ ಅಧ್ಯಯನಕ್ಕೆ ನೇಮಿಸಿತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಅವರ ವರದಿ ಬಂತು. ಅವರ ಕಣ್ಣಿಗೆ ಬಿದ್ದದ್ದು ಜರ್ಮನಿಯ ಮೇಯರ್ ರೈಫೈಸನ್ ಕಟ್ಟಿದ ಹಳ್ಳಿ ಸಂಘಗಳು. ರೈಫೈಸನ್ 1864ರಲ್ಲಿ ಹೆಡೆಸ್‌ಡಾರ್ಫ್ ಎಂಬಲ್ಲಿ ಸಾಲದ ಸಂಘ ಶುರು ಮಾಡಿದ್ದರು. ಅದರ ಲೆಕ್ಕ ಸರಳ. ಒಂದೇ ಊರಿನ ಜನ ಸೇರಬೇಕು. ಒಬ್ಬೊಬ್ಬರಾಗಿ ಹೋದರೆ ಬಡವನಿಗೆ ಯಾರೂ ಸಾಲ ಕೊಡುವುದಿಲ್ಲ. ಊರವರೆಲ್ಲ ಒಬ್ಬರಿಗೊಬ್ಬರು ಹೊಣೆ ನಿಂತರೆ, ಆ ಹೊಣೆಯೇ ಅಡಮಾನ.

ಕಣಗಿನಹಾಳದ 19 ಮಂದಿ

1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ಮಾಡಬಹುದು. ಹಳ್ಳಿಯ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲುತನದವರೇ ಇರಬೇಕು. ಹೊಣೆ ಅಪರಿಮಿತ. ಅಂದರೆ ಸಂಘ ಮುಳುಗಿದರೆ ನೀವು ಹಾಕಿದ ಷೇರಷ್ಟೇ ಹೋಗುವುದಿಲ್ಲ, ನಿಮ್ಮ ಆಸ್ತಿಯೂ ಹೊಣೆ.

ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 19 ಸದಸ್ಯರು, 2,000 ರೂಪಾಯಿ ಬಂಡವಾಳ. ದೇಶದ, ಅಷ್ಟೇ ಏಕೆ ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಇದನ್ನು ಕರೆಯುತ್ತಾರೆ. 'ಮೊದಲು ನಾವು' ಎನ್ನುವ ಊರುಗಳು ಬೇರೆಯೂ ಇವೆ. ತಮಿಳುನಾಡಿನ ತಿರೂರು ಅಂಥದ್ದೊಂದು. ಬರೋಡಾದಲ್ಲಂತೂ ಕಾಯ್ದೆ ಬರುವ ಮೊದಲೇ, 1889ರಲ್ಲಿ 'ಅನ್ಯೋನ್ಯ ಸಹಕಾರಿ ಮಂಡಳಿ' ಶುರುವಾಗಿತ್ತು.

ಮೊದಲು ಯಾರು ಎಂಬ ಜಗಳಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆ 19 ಮಂದಿಯ ಧೈರ್ಯ. ಒಣಬೇಸಾಯದ ಎರೆಭೂಮಿ. ಮಳೆ ಬಂದರೆ ಜೋಳ, ಹತ್ತಿ, ಕಡಲೆ. ಬರದಿದ್ದರೆ ಏನೂ ಇಲ್ಲ. ಅಂಥ ನೆಲದಲ್ಲಿ 'ನೀನು ತೀರಿಸದಿದ್ದರೆ ನನ್ನ ಹೊಲ ಹೋದರೂ ಸರಿ' ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಸಣ್ಣ ಮಾತಲ್ಲ. ಯಾರು ಕುಡುಕ, ಯಾರು ದುಡಿಮೆಗಾರ, ಯಾರ ಮನೆಯಲ್ಲಿ ಮದುವೆ ಇದೆ, ಯಾರ ಎತ್ತು ಸತ್ತಿದೆ ಎಂಬುದು ಪರಸ್ಪರ ಗೊತ್ತಿದ್ದವರು ಮಾತ್ರ ಹಾಗೆ ಮಾಡಬಲ್ಲರು. ಬ್ಯಾಂಕಿನ ಯಾವ ಕಡತಕ್ಕೂ ಸಿಗದ ಈ ತಿಳಿವಳಿಕೆಯೇ ಸಂಘದ ನಿಜವಾದ ಬಂಡವಾಳವಾಗಿತ್ತು.

ನಮ್ಮ ಜನಕ್ಕೆ ಇದು ಪೂರ್ತಿ ಹೊಸದೇನೂ ಅಲ್ಲ. ಕಳೆ ತೆಗೆಯಲು, ರಾಶಿ ಮಾಡಲು 'ಮುಯ್ಯಿ' ಆಳಾಗಿ ಹೋಗುವುದು ಮೊದಲಿಂದ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕಾಯ್ದೆ ಇದಕ್ಕೆ ಪುಸ್ತಕ, ಲೆಕ್ಕ, ಕೋರ್ಟಿನ ಮಾನ್ಯತೆ ಕೊಟ್ಟಿತು.

ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾಯ್ದೆ ಮಾಡಿತು. 1906ರ ಹೊತ್ತಿಗೆ ಗೋಕಾಕ, ಬೆಳಗಾವಿಗಳಲ್ಲಿ ಪಟ್ಟಣದ ಸಹಕಾರಿ ಪತ್ತಿನ ಸಂಘಗಳು ಹುಟ್ಟಿದವು. ಸಾಲ ಬಿಟ್ಟು ಬೇರೆ ಕೆಲಸಕ್ಕೂ ಸಂಘ ಮಾಡಬಹುದು, ಸಂಘಗಳು ಕೂಡಿ ಮೇಲಿನ ಹಂತದ ಬ್ಯಾಂಕು ಕಟ್ಟಬಹುದು ಎಂದು 1912ರ ಕಾಯ್ದೆ ದಾರಿ ಬಿಚ್ಚಿತು. ಇವತ್ತಿನ ಡಿಸಿಸಿ ಬ್ಯಾಂಕುಗಳ ಬೇರು ಅಲ್ಲಿದೆ.

ಆದರೆ ಶುರುವಿನಿಂದಲೇ ಒಂದು ಗಂಟು ಇತ್ತು. ಜರ್ಮನಿಯಲ್ಲಿ ಮೊದಲು ಜನರ ಸಂಘ ಬಂತು, ಆಮೇಲೆ ಕಾಯ್ದೆ. ಇಲ್ಲಿ ಮೊದಲು ಕಾಯ್ದೆ, ಅದರ ಜೊತೆಗೇ ರಿಜಿಸ್ಟ್ರಾರ್. ಸಂಘ ನೋಂದಾಯಿಸುವವರು ಅವರೇ, ಲೆಕ್ಕ ನೋಡುವವರು ಅವರೇ, ಮುಚ್ಚುವವರೂ ಅವರೇ. ಅಕ್ಷರ ಬಲ್ಲವರು ಕಡಿಮೆ ಇದ್ದ ಕಾಲಕ್ಕೆ ಅಂಥ ಒಬ್ಬ ಮಾರ್ಗದರ್ಶಿ ಬೇಕಿತ್ತು ಎಂಬುದೂ ನಿಜ. ಮಾರ್ಗದರ್ಶಿ ಯಾವಾಗ ಯಜಮಾನನಾಗುತ್ತಾನೆ ಎಂಬುದೇ ಮುಂದಿನ ಕಥೆ.

ಸರ್ಕಾರ ಪಾಲುದಾರನಾಯಿತು

1919ರ ಸುಧಾರಣೆಗಳಲ್ಲಿ ಸಹಕಾರ ಪ್ರಾಂತ್ಯಗಳ ಕೈಗೆ ಬಂತು. 1925ರಲ್ಲಿ ಮುಂಬೈ ಪ್ರಾಂತ್ಯ ತನ್ನದೇ ಕಾಯ್ದೆ ಮಾಡಿತು. 1930ರ ಸುಮಾರಿಗೆ ಜಗತ್ತಿನಾದ್ಯಂತ ಬೆಲೆ ಕುಸಿದಾಗ ಎಷ್ಟೋ ಸಂಘಗಳ ಸಾಲ ವಸೂಲಾಗದೆ ನಿಂತಿತು.

ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗಳ ಸಾಲದ ಸ್ಥಿತಿ ತಿಳಿಯಲು ರಿಸರ್ವ್ ಬ್ಯಾಂಕ್ ದೇಶವ್ಯಾಪಿ ಸಮೀಕ್ಷೆ ಮಾಡಿಸಿತು. ಎ.ಡಿ. ಗೋರ್‌ವಾಲಾ ಸಮಿತಿಯ ವರದಿ 1954ರಲ್ಲಿ ಹೊರಬಂತು. ಲೆಕ್ಕ ನೋಡಿ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ರೈತರು ಪಡೆದ ಪ್ರತಿ 100 ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ಬರೀ 3 ರೂಪಾಯಿ ಚಿಲ್ಲರೆ. ಸಾಹುಕಾರರಿಂದ ಬಂದದ್ದು ಸುಮಾರು 70 ರೂಪಾಯಿ. ಕಾಯ್ದೆ ಬಂದು ಐವತ್ತು ವರ್ಷ ಆಗಿತ್ತು!

ಸಮಿತಿ ಹೇಳಿದ್ದರ ತಾತ್ಪರ್ಯ ಇಷ್ಟು: ಸಹಕಾರ ಸೋತಿದೆ, ಆದರೆ ಬೇರೆ ದಾರಿಯಿಲ್ಲ, ಅದನ್ನು ಗೆಲ್ಲಿಸಲೇಬೇಕು. ಸಾಹುಕಾರನ ಎದುರು ಬಡ ಸಂಘ ಒಂಟಿಯಾಗಿ ನಿಲ್ಲಲಾರದು. ಆದ್ದರಿಂದ ಸರ್ಕಾರವೇ ಸಂಘಗಳಲ್ಲಿ ಷೇರು ಹಾಕಿ ಪಾಲುದಾರನಾಗಬೇಕು.

ಹಾಗೆಯೇ ಆಯಿತು. ಸರ್ಕಾರದ ದುಡ್ಡು ಬಂತು. ಗೊಬ್ಬರ, ಬೀಜ, ಬೆಳೆಸಾಲ, ರೇಷನ್ ಎಲ್ಲ ಸೊಸೈಟಿಯ ಮೂಲಕ ಹರಿಯಿತು. ಇದರಿಂದ ಆದ ಒಳ್ಳೆಯದನ್ನು ಅಲ್ಲಗಳೆಯಲು ಆಗುವುದಿಲ್ಲ. ನಮ್ಮಪ್ಪ ಇವತ್ತು ಶೂನ್ಯ ಬಡ್ಡಿಯಲ್ಲಿ ಬೆಳೆಸಾಲ ಪಡೆಯುವುದು ಇದೇ ಸೊಸೈಟಿಯಿಂದ. ಬಡ್ಡಿಯ ಭಾರ ಸರ್ಕಾರ ಹೊರುತ್ತದೆ. ಅದೇ ದುಡ್ಡನ್ನು ಖಾಸಗಿಯವರ ಹತ್ತಿರ ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಗೆ ತಂದಿದ್ದರೆ ನಾನು ಡಿಪ್ಲೊಮಾ ಓದುತ್ತಿರಲಿಲ್ಲ.

ಆದರೆ ದುಡ್ಡಿನ ಜೊತೆಗೆ ಹಿಡಿತವೂ ಬಂತು. 1959ರ ನಮ್ಮ ರಾಜ್ಯದ ಸಹಕಾರ ಸಂಘಗಳ ಕಾಯ್ದೆಯಲ್ಲಿ ಸರ್ಕಾರ ತನ್ನ ಪ್ರತಿನಿಧಿಗಳನ್ನು ಆಡಳಿತ ಮಂಡಳಿಗೆ ನೇಮಿಸಬಹುದು. ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂರಿಸಲೂಬಹುದು. ಸಾಲಕ್ಕೆ ದುಡ್ಡು ಮೇಲಿಂದ ಬರುವಾಗ ಸದಸ್ಯರು ಉಳಿತಾಯ ಇಡುವ ಅಗತ್ಯವೇ ಬೀಳಲಿಲ್ಲ. ನನ್ನ ದುಡ್ಡು ಅಲ್ಲಿಲ್ಲ ಅಂದ ಮೇಲೆ ಲೆಕ್ಕ ಕೇಳುವ ಉಸಾಬರಿ ನನಗೇಕೆ?

1990ರ ಕೇಂದ್ರದ ಸಾಲಮನ್ನಾದಿಂದ ಹಿಡಿದು 2018ರ ರಾಜ್ಯದ ಸಾಲಮನ್ನಾದವರೆಗೆ, ಬರದಲ್ಲಿ ಬೆಂದ ರೈತನಿಗೆ ಪ್ರತಿ ಮನ್ನಾ ಉಸಿರು ಕೊಟ್ಟಿತು. ಹಾಗೆಯೇ ಪ್ರತಿ ಮನ್ನಾ ಒಂದು ಪಾಠವನ್ನೂ ಕಲಿಸಿತು: ಈ ದುಡ್ಡು ಪಕ್ಕದ ಮನೆಯವನದಲ್ಲ, ಸರ್ಕಾರದ್ದು. ಕಣಗಿನಹಾಳದ 19 ಮಂದಿಗೆ ಅದು ಪಕ್ಕದ ಮನೆಯವನದೇ ಆಗಿತ್ತು.

ನಮ್ಮಪ್ಪನ ಬಾಯಲ್ಲಿ 'ಸರಕಾರದ ಸೊಸೈಟಿ' ಎಂಬ ಮಾತು ಹುಟ್ಟಿದ್ದು ಹೀಗೆ. ಅದು ಅಜ್ಞಾನದ ಮಾತಲ್ಲ, ಎಪ್ಪತ್ತು ವರ್ಷಗಳ ಅನುಭವದ ಮಾತು.

ಹಾಲಿನ ದಾರಿ

ಹಾಗಾದರೆ ಸರ್ಕಾರ ಕೈ ಹಾಕಿದ್ದೆಲ್ಲ ಕೆಟ್ಟಿತೇ? ಇಲ್ಲ. ಹಾಲಿನ ಕಥೆ ನೋಡಿ.

ಗುಜರಾತಿನ ಖೇಡಾ ಜಿಲ್ಲೆಯ ರೈತರ ಹಾಲನ್ನು ಪೋಲ್ಸನ್ ಎಂಬ ಖಾಸಗಿ ಡೇರಿ ಕೊಂಡು ಮುಂಬೈಗೆ ಕಳಿಸುತ್ತಿತ್ತು. ರೈತರಿಗೆ ಸಿಗುತ್ತಿದ್ದ ಬೆಲೆ ಕಡಿಮೆ. ಸರ್ದಾರ್ ಪಟೇಲರ ಸಲಹೆಯಂತೆ 1946ರ ಜನವರಿಯಲ್ಲಿ ಸಮರ್ಖಾ ಗ್ರಾಮದಲ್ಲಿ ಸಭೆ ಸೇರಿತು. ರೈತರು ಹದಿನೈದು ದಿನ ಹಾಲು ಹಾಕದೆ ಮುಷ್ಕರ ಹೂಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ ಖೇಡಾ ಹಾಲು ಒಕ್ಕೂಟ ನೋಂದಣಿಯಾಯಿತು. ಅದೇ ಇವತ್ತಿನ ಅಮುಲ್. ವರ್ಗೀಸ್ ಕುರಿಯನ್ ಅಲ್ಲಿಗೆ ಬಂದದ್ದು 1949ರಲ್ಲಿ. 1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹುಟ್ಟಿತು. 1970ರ ದಶಕದಲ್ಲಿ ಆ ಮಾದರಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಕರ್ನಾಟಕಕ್ಕೂ ಬಂದು, 1984ರಲ್ಲಿ ಕೆಎಂಎಫ್ ಆಯಿತು. ನಂದಿನಿ ನಮ್ಮ ಮನೆಗೆ ಬಂದದ್ದು ಹಾಗೆ.

ಇಲ್ಲೂ ಸರ್ಕಾರದ ದುಡ್ಡಿತ್ತು, ವಿಶ್ವಬ್ಯಾಂಕಿನ ಸಾಲವಿತ್ತು. ಆದರೆ ಒಂದು ವ್ಯತ್ಯಾಸ ಇತ್ತು. ಡೇರಿಗೆ ಸದಸ್ಯರು ದಿನಕ್ಕೆ ಎರಡು ಸಲ ಹೋಗುತ್ತಾರೆ. ಹಾಲಿನ ಅಳತೆ, ಫ್ಯಾಟು ಅವರ ಕಣ್ಣೆದುರಿಗೇ ನೋಡಲಾಗುತ್ತದೆ. ಬಟವಾಡೆ ತಡವಾದರೆ ಮರುದಿನವೇ ಡೇರಿ ಮುಂದೆ ಗಲಾಟೆ. ಸದಸ್ಯನ ಕೈ ಸಂಘದ ಮೇಲೆ ದಿನವೂ ಇರುತ್ತದೆ. ಡೇರಿಯಲ್ಲಿ ರಾಜಕೀಯ ಇಲ್ಲವೆಂದು ಯಾರೂ ಹೇಳುವುದಿಲ್ಲ. ಆದರೂ ಹಾಲು ಹಾಕುವ ಹೆಣ್ಣುಮಗಳನ್ನು ಕೇಳಿ ನೋಡಿ, 'ನಮ್ಮ ಡೇರಿ' ಎಂದೇ ಅನ್ನುತ್ತಾಳೆ.

ಅಂದರೆ ಸರ್ಕಾರದ ನೆರವು ಬರುವುದರಿಂದ ಸಂಘ ಕೆಡುವುದಿಲ್ಲ. ಆ ನೆರವು ಸದಸ್ಯನ ಜಾಗದಲ್ಲಿ ಬಂದು ಕುಂತಾಗ ಕೆಡುತ್ತದೆ.

ಕಾಯ್ದೆಯೇ ಇಲ್ಲದ ಸಂಘ

ಈಗ ಅವ್ವನ ಸಂಘಕ್ಕೆ ಬರೋಣ. ಅದರ ಹುಟ್ಟೂ ಕರ್ನಾಟಕದಲ್ಲೇ, ಅದೂ ಕೆಟ್ಟ ಸೊಸೈಟಿಗಳ ಒಡಲಲ್ಲಿ.

1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿತ್ತು. ಅದರ ಮುಖ್ಯಸ್ಥರಾಗಿದ್ದವರು ಅಲೋಶಿಯಸ್ ಫರ್ನಾಂಡಿಸ್. ಸಂಸ್ಥೆ ಬೆಂಬಲಿಸುತ್ತಿದ್ದ ಕೆಲವು ದೊಡ್ಡ ಸಹಕಾರ ಸಂಘಗಳಲ್ಲಿ ಸದಸ್ಯರಿಗೆ ಮುಖಂಡರ ಮೇಲೆ ನಂಬಿಕೆ ಹೋಗಿತ್ತು. 1984-85ರ ಹೊತ್ತಿಗೆ ಅವು ಒಡೆದು ಚಿಕ್ಕ ಗುಂಪುಗಳಾದವು. ಸದಸ್ಯರು ಹೇಳಿದ್ದು ಇಷ್ಟು: ಸಾಲ ತೀರಿಸುತ್ತೇವೆ, ಆದರೆ ದೊಡ್ಡ ಸಂಘಕ್ಕಲ್ಲ, ನಮ್ಮ ಗುಂಪಿಗೆ.

ಒಬ್ಬರನ್ನೊಬ್ಬರು ಬಲ್ಲವರ ಗುಂಪು, ಕಣಗಿನಹಾಳದ್ದೇ ಬೀಜ. ಎಂಬತ್ತು ವರ್ಷಗಳ ನಂತರ ಮತ್ತೆ ಮೊಳಕೆಯೊಡೆಯಿತು.

1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಇಲ್ಲಿ ನಡೆದ ನೀತಿಯ ಬದಲಾವಣೆ ಸಣ್ಣದಾಗಿ ಕಂಡರೂ ಬಹಳ ದೊಡ್ಡದು. ನೋಂದಣಿಯೇ ಆಗದ ಗುಂಪಿನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಬಹುದು, ಅಡಮಾನವಿಲ್ಲದೆ ಸಾಲ ಕೊಡಬಹುದು ಎಂದು ಬ್ಯಾಂಕುಗಳಿಗೆ ಹೇಳಲಾಯಿತು. ಹೊಸ ಕಾಯ್ದೆ ಇಲ್ಲ, ರಿಜಿಸ್ಟ್ರಾರ್ ಇಲ್ಲ.

ಸಂಘದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಯಾಕಿರುವುದಿಲ್ಲ ಎಂದು ಅವ್ವನನ್ನು ಕೇಳಿದ್ದೆ. "ಜಾಸ್ತಿ ಆದ್ರ ಜಗಳ ಅಕ್ಕಾವ" ಅಂದಳು. ಅದು ಸರಿಯೇ. ಇನ್ನೊಂದು ಕಾರಣವೂ ಇದೆ. 1956ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ವ್ಯವಹಾರ ಮಾಡುವ ಗುಂಪಿನಲ್ಲಿ 20ಕ್ಕಿಂತ ಹೆಚ್ಚು ಮಂದಿ ಇದ್ದರೆ ನೋಂದಣಿ ಕಡ್ಡಾಯವಾಗಿತ್ತು. ಆ ಗೆರೆಯ ಈಚೆಗೆ ಉಳಿದದ್ದಕ್ಕೇ ಸಂಘಗಳು ಕಚೇರಿಗಳ ಹಿಡಿತಕ್ಕೆ ಸಿಗದೆ ಬೆಳೆದವು.

2000ದ ಸುಮಾರಿಗೆ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂತು. ವಾರದ ಸಭೆ, ವಾರದ ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಪುಸ್ತಕ ಬರೆಯುವುದು. ಈ ಐದು ಸೂತ್ರ ನಮ್ಮ ಹೆಣ್ಣುಮಕ್ಕಳಿಗೆ ಬಾಯಿಪಾಠ. ಓದಲು ಬರದ ನಮ್ಮವ್ವ ಹದಿನಾಲ್ಕು ಹೆಂಗಸರ ಸಾಲ, ಬಡ್ಡಿ, ಬಾಕಿಯನ್ನು ಪುಸ್ತಕ ನೋಡದೆ ಹೇಳುತ್ತಾಳೆ.

ನೀತಿಯ ಮೇಲೆ ನೀತಿ

ಸರ್ಕಾರಕ್ಕೆ ತನ್ನ ಹಿಡಿತ ಹೆಚ್ಚಾಗಿದೆ ಎಂಬುದು ಗೊತ್ತಿರಲಿಲ್ಲವೆಂದಲ್ಲ. 1991ರಲ್ಲಿ ಚೌಧರಿ ಬ್ರಹ್ಮ ಪ್ರಕಾಶ್ ಸಮಿತಿ ಒಂದು ಮಾದರಿ ಕಾಯ್ದೆ ಕೊಟ್ಟಿತು. ಸರ್ಕಾರ ಸಂಘದಿಂದ ಹೊರಗೆ ಬರಲಿ, ಸದಸ್ಯರು ನಡೆಸಲಿ ಎಂಬುದು ಅದರ ಸಾರ. 1995ರಲ್ಲಿ ಆಂಧ್ರ ಅದೇ ದಾರಿಯ ಕಾಯ್ದೆ ಮಾಡಿತು. ಕರ್ನಾಟಕ 1997ರಲ್ಲಿ ಸೌಹಾರ್ದ ಸಹಕಾರಿ ಕಾಯ್ದೆ ಮಾಡಿತು, ಅದು ಜಾರಿಯಾದದ್ದು 2001ರಲ್ಲಿ. ಸೌಹಾರ್ದಗಳಲ್ಲಿ ಸರ್ಕಾರದ ಷೇರು ಇಲ್ಲ. ಆದರೆ ಹಳೆಯ ಸೊಸೈಟಿಗಳು ಹಳೆಯ ಕಾಯ್ದೆಯಡಿಯೇ ಉಳಿದವು.

2002ರಲ್ಲಿ ಕೇಂದ್ರ ರಾಷ್ಟ್ರೀಯ ಸಹಕಾರ ನೀತಿ ಪ್ರಕಟಿಸಿತು. ಸ್ವಾಯತ್ತತೆ ಎಂಬ ಮಾತು ಅದರಲ್ಲೂ ಇತ್ತು. 2011ರ 97ನೇ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನು ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು. ಜೊತೆಗೆ ಸಂಘಗಳು ಹೇಗೆ ನಡೆಯಬೇಕೆಂದು ಹೇಳುವ ಒಂದು ಇಡೀ ಭಾಗವನ್ನೂ ಸೇರಿಸಿತ್ತು. ಸಹಕಾರ ರಾಜ್ಯಗಳ ವಿಷಯ, ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಪಡೆಯದೆ ಹೀಗೆ ಮಾಡುವಂತಿಲ್ಲ ಎಂದು 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರಾಜ್ಯದೊಳಗಿನ ಸಂಘಗಳಿಗೆ ಆ ಭಾಗ ಅನ್ವಯಿಸುವುದನ್ನು ರದ್ದು ಮಾಡಿತು. ಅದೇ ತಿಂಗಳು ಕೇಂದ್ರದಲ್ಲಿ ಪ್ರತ್ಯೇಕ ಸಹಕಾರ ಸಚಿವಾಲಯ ಹುಟ್ಟಿತು.

ನಮ್ಮಪ್ಪನ ಓಟಿನ ಕಥೆಗೂ ಇದಕ್ಕೂ ನಂಟಿದೆ. ಸಭೆಗೆ ಬಾರದವರಿಗೆ, ವ್ಯವಹಾರ ಮಾಡದವರಿಗೆ ಓಟಿಲ್ಲ ಎಂಬ ನಿಯಮ ನಮ್ಮ ರಾಜ್ಯದ ಕಾಯ್ದೆಯಲ್ಲಿ ಬಲವಾದದ್ದು ಆ ತಿದ್ದುಪಡಿಯ ಗಾಳಿಯಲ್ಲೇ. ಉದ್ದೇಶ ಒಳ್ಳೆಯದಿತ್ತು, ಸದಸ್ಯರು ಸಭೆಗೆ ಬರಲಿ ಎಂದು. ಆದರೆ ಸಭೆಯ ಸುದ್ದಿ ಮನೆಗೆ ಮುಟ್ಟದ ಊರಲ್ಲಿ ಅದೇ ನಿಯಮ ಸದಸ್ಯರನ್ನು ಹೊರಗಿಡುವ ಬಾಗಿಲಾಗುತ್ತದೆ.

ಸುರೇಶ್ ಪ್ರಭು ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಹೊಸ ರಾಷ್ಟ್ರೀಯ ಸಹಕಾರ ನೀತಿ 2025ರ ಜುಲೈ 24ರಂದು ಬಿಡುಗಡೆಯಾಯಿತು. ಮುಂದಿನ ಎರಡು ದಶಕಗಳಿಗೆ ಮಾಡಿದ ನೀತಿ ಇದು. ಪ್ರತಿ ಹಳ್ಳಿಯಲ್ಲೂ ಒಂದಾದರೂ ಸಹಕಾರ ಸಂಘ ಇರಬೇಕು ಎಂಬುದು ಅದರ ಗುರಿಗಳಲ್ಲಿ ಒಂದು. ಸೊಸೈಟಿಗಳಿಗೆ ಕಂಪ್ಯೂಟರ್ ಅಳವಡಿಸುವ ಕೆಲಸ ಅದಕ್ಕೂ ಮೊದಲೇ ಶುರುವಾಗಿದೆ.

ಆದರೆ ಗಮನಿಸಿ, ಇದು ಸಹಕಾರ ಸಂಘಗಳ ನೀತಿ. ಅವ್ವನ ಸಂಘ ಗ್ರಾಮೀಣಾಭಿವೃದ್ಧಿ ಇಲಾಖೆಯ ಕಡೆ. ರೈತ ಉತ್ಪಾದಕ ಸಂಸ್ಥೆ ಕೃಷಿ ಇಲಾಖೆಯ ಕಡೆ, ಅದರ ನೋಂದಣಿ ಬಹುಪಾಲು ಕಂಪನಿ ಕಾಯ್ದೆಯಡಿ. ನೇಕಾರರ ಸಂಘಕ್ಕೆ ಜವಳಿ ಇಲಾಖೆ. ಖಾದಿಗೆ ಸಣ್ಣ ಕೈಗಾರಿಕೆಯ ಸಚಿವಾಲಯ. ಒಂದೇ ಓಣಿಯ ಮನೆಗಳು, ಆದರೆ ಪ್ರತಿ ಮನೆಗೂ ಬೇರೆ ಬೇರೆ ತಹಶೀಲ್ದಾರ!

ಜಗತ್ತು ಇದಕ್ಕಿಟ್ಟ ಹೆಸರು

ಈ ಎಲ್ಲ ಮನೆಗಳನ್ನು ಒಂದೇ ಓಣಿ ಎಂದು ಗುರುತಿಸುವ ಮಾತು ಈಗ ಜಗತ್ತಿನಲ್ಲಿ ನಡೆದಿದೆ. ಅದಕ್ಕೆ 'ಸೋಷಿಯಲ್ ಅಂಡ್ ಸಾಲಿಡಾರಿಟಿ ಎಕಾನಮಿ' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಒಗ್ಗಟ್ಟಿನ ಆರ್ಥಿಕತೆ ಎನ್ನಬಹುದು. ಬ್ರೆಜಿಲ್ 2003ರಲ್ಲಿ ಇದಕ್ಕೆಂದೇ ರಾಷ್ಟ್ರಮಟ್ಟದ ಕಾರ್ಯಾಲಯ ತೆರೆಯಿತು. ಸ್ಪೇನ್ ಮತ್ತು ಈಕ್ವೆಡಾರ್ 2011ರಲ್ಲಿ, ಫ್ರಾನ್ಸ್ 2014ರಲ್ಲಿ ಕಾಯ್ದೆ ಮಾಡಿದವು. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನ ಇದಕ್ಕೆ ಒಂದು ವ್ಯಾಖ್ಯೆ ಒಪ್ಪಿತು. 2023ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಸದಸ್ಯ ದೇಶಗಳು ಇದಕ್ಕೆ ರಾಷ್ಟ್ರೀಯ ನೀತಿ ರೂಪಿಸಲು ಉತ್ತೇಜನ ಕೊಡುವ ಠರಾವು ಪಾಸು ಮಾಡಿತು.

ಕಾರ್ಮಿಕ ಸಂಘಟನೆಯ ಆ ವ್ಯಾಖ್ಯೆಯಲ್ಲಿ ಸಹಕಾರ ಸಂಘಗಳ ಜೊತೆಗೆ ಸ್ವಸಹಾಯ ಗುಂಪುಗಳ ಹೆಸರೂ ಇದೆ. ನಮ್ಮವ್ವನ ಸಂಘ ಜಿನೀವಾದ ಕಾಗದಕ್ಕೂ ಹೋಗಿದೆ ಅನ್ನಿ. ಲಕ್ಷಣಗಳೇನು? ಸ್ವಂತ ಇಚ್ಛೆಯಿಂದ ಸೇರುವುದು, ಪರಸ್ಪರ ನೆರವು, ಎಲ್ಲರೂ ಕೂಡಿ ನಡೆಸುವುದು, ಬಂಡವಾಳಕ್ಕಿಂತ ಜನ ಮುಖ್ಯ ಎನ್ನುವುದು. ಇವುಗಳ ಜೊತೆಗೆ ಇನ್ನೊಂದು, ಸ್ವಾಯತ್ತತೆ. ಹೊರಗಿನವರ ಹಿಡಿತ ಇಲ್ಲದಿರುವುದು.

ಭಾರತದಲ್ಲಿ ಅಂಥ ಒಂದು ಸಮಗ್ರ ನೀತಿ ಆಗಬೇಕಾದರೆ, ನಮ್ಮ ಇತಿಹಾಸ ಅದಕ್ಕೆ ಹೇಳುವ ಮಾತು ಒಂದೇ. ನೆರವು ಕೊಡಿ, ಮಾರುಕಟ್ಟೆಗೆ ಜೋಡಿಸಿ, ಲೆಕ್ಕ ತಪಾಸಣೆ ಬಿಗಿ ಮಾಡಿ. ಆದರೆ ಸದಸ್ಯನ ಕುರ್ಚಿಯಲ್ಲಿ ಮಾತ್ರ ಕೂರಬೇಡಿ.

ಹಳೆ ದಾರಿಗೆ ಹೊರಳುವ ಮುನ್ನ

ಇದನ್ನು ಈಗಲೇ ಬರೆಯಲು ಕಾರಣವಿದೆ. ಅವ್ವನ ಸಂಘವೂ ಅಪ್ಪನ ಸೊಸೈಟಿಯ ದಾರಿ ಹಿಡಿಯುತ್ತಿರುವ ಗುರುತುಗಳು ಕಾಣುತ್ತಿವೆ.

ಯಾವುದಾದರೂ ಕಾರ್ಯಕ್ರಮಕ್ಕೆ ಜನ ಬೇಕಾದರೆ ಮೊದಲ ಫೋನು ಸಂಘದವರಿಗೆ. ಒಂದು ದಿನದ ಕೂಲಿ ಬಿಟ್ಟು ಅವ್ವ ಬಸ್ಸು ಹತ್ತುತ್ತಾಳೆ. ಯಾಕೆ ಹೋಗುತ್ತೀ ಅಂದರೆ, "ಹೋಗದಿದ್ರ ಮುಂದಿನ ಸಾಲಕ್ಕ ತೊಂದ್ರಿ ಆದೀತು" ಅನ್ನುತ್ತಾಳೆ. ಹಾಗೆಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಆ ಭಯ ಬಂದದ್ದೇ ಸಾಕಲ್ಲ.

ಇನ್ನೊಂದು ಕಡೆ ಕಿರುಸಾಲದ ಕಂಪನಿಗಳು ನಮ್ಮ ಗುಂಪಿನ ರೂಪವನ್ನು ಎರವಲು ಪಡೆದಿವೆ. ಐದಾರು ಹೆಂಗಸರು ಒಬ್ಬರಿಗೊಬ್ಬರು ಹೊಣೆ. ಕಂತು ತಪ್ಪಿದರೆ ಮನೆ ಮುಂದೆ ಬಂದು ಕೂರುವುದು. ಈ ಕಾಟ ಮಿತಿಮೀರಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಹೊರಗಿನಿಂದ ನೋಡಿದರೆ ಅದೂ ಗುಂಪು, ಇದೂ ಗುಂಪು. ಆದರೆ ಅಲ್ಲಿ ಹೊಣೆ ಮಾತ್ರ ಹೆಂಗಸರದು, ಬಡ್ಡಿ ಕಂಪನಿಯದು. ಸಂಘದಲ್ಲಿ ಬಡ್ಡಿಯೂ ತಿರುಗಿ ಹದಿನಾಲ್ಕು ಮಂದಿಗೇ ಬರುತ್ತದೆ. ಸೂಪೆಯ ರೈತರು 1875ರಲ್ಲಿ ಕೇಳಿದ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. ಅದಕ್ಕೆ ಊರು ಕಂಡುಕೊಂಡ ಉತ್ತರ ಅವ್ವನ ಸಂಘ. ಅದೂ 'ಸರಕಾರದ್ದು' ಆಗಿಬಿಟ್ಟರೆ ಮತ್ತೆ ಸಾಹುಕಾರನ ಬಾಗಿಲೇ ಗತಿ.

ದೆಹಲಿಯಲ್ಲಿ ನೀತಿ ಬರೆಯುವವರಿಗೆ ನಾವು ಹೇಳುವುದು ಎಷ್ಟು ಕೇಳಿಸುತ್ತದೋ ಏನೋ. ಆದರೆ ನಮ್ಮ ಊರಲ್ಲಿ ನಾವು ಮಾಡಬಹುದಾದ ಕೆಲಸ ಇದೆ. ಸೆಪ್ಟೆಂಬರ್ ಬಂದರೆ ಸೊಸೈಟಿಗಳ ವಾರ್ಷಿಕ ಸಭೆಗಳ ಕಾಲ. ನೀವು ಸದಸ್ಯರಾಗಿದ್ದರೆ ನೋಟಿಸ್ ಬರಲಿ ಬಿಡಲಿ, ಸೊಸೈಟಿಗೆ ಹೋಗಿ ಸಭೆಯ ತಾರೀಖು ಕೇಳಿ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಸಹಿ ಮಾಡಿದ್ದನ್ನು ಬರೆದಿಟ್ಟುಕೊಳ್ಳಿ. ಲೆಕ್ಕ ತಪಾಸಣೆಯ ವರದಿ ಓದಿ ಹೇಳಿ ಎನ್ನಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೋ ಇಲ್ಲವೋ ಚುನಾವಣೆಯ ದಿನ ಅಲ್ಲ, ಈಗಲೇ ನೋಡಿ.

ಅಪ್ಪನಿಗ ಇದನ್ನೇ ಹೇಳಿದೆ. ಮೊದಲು ನಕ್ಕ. ಆಮೇಲೆ ಟ್ರಂಕು ತೆಗೆದು ಹಳದಿಗಟ್ಟಿದ ಷೇರು ಪತ್ರ ಹೊರಗೆ ತೆಗೆದ. ಮಡಿಕೆ ಬಿದ್ದ ಕಡೆ ಹರಿದಿತ್ತು. ಅವ್ವ ಅದನ್ನು ತಗೊಂಡು, ತನ್ನ ಸಂಘದ ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿದಳು.

"ಈ ಸಲ ಸಭಾಕ್ಕ ಹೋಗು" ಅಂದಳು. "ಹೋಗಿ, ಇದು ನಮ್ದು ಅನ್ನು."